ಗುಜರಿಯ ನಡುವಿನ ಬಂಗಾರ: ನಮ್ಮ ಹೊಲಕ್ಕೆ, ಜಾತ್ರೆಯ ಬಯಲಿಗೆ ಯಾವ ಮೆಟಲ್ ಡಿಟೆಕ್ಟರ್?

ಈ ಸುಗ್ಗಿಯ ನಂತರ ನನ್ನನ್ನು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಮೊದಲಿಗೆ ಮುಂದಿಡುತ್ತೇನೆ. ಸಿಂಧನೂರು ಸೀಮೆಯ ರೈತರೊಬ್ಬರ ಮನೆಯಾಕೆ ಹತ್ತಿ ಬಿಡಿಸುವಾಗ ಬಂಗಾರದ ಗುಂಡುಗಳ ಸರವಾದ ಬೋರಮಾಳ ಹರಿದು, ಅದರ ಗುಂಡುಗಳು ಎರೆಹೊಲದಲ್ಲಿ ಚೆಲ್ಲಿಹೋಗಿವೆ. ಕೊಪ್ಪಳದ ಇಬ್ಬರು ಯುವಕರು ಜಾತ್ರೆ ಮುಗಿದ ಬಯಲುಗಳಲ್ಲಿ ಜನ ಕಳೆದುಕೊಂಡ ಒಡವೆಗಳನ್ನು ಹುಡುಕಿಕೊಡುವುದನ್ನೇ ಒಂದು ಕೆಲಸವಾಗಿ ಮಾಡಬೇಕೆಂದಿದ್ದಾರೆ. ಬಳ್ಳಾರಿಯ ಓದುಗರೊಬ್ಬರು ತಮ್ಮ ಹಳೆಯ ಮಣ್ಣಿನ ಮನೆಯನ್ನು ಕೆಡವಿಸುವಾಗ ಗೋಡೆಯ ಮಾಡದಲ್ಲಿದ್ದ ಎರಡು ಉಂಗುರಗಳು ಮಣ್ಣಿನ ರಾಶಿಯೊಳಗೆ ಸೇರಿಹೋಗಿವೆ ಎನ್ನುತ್ತಾರೆ. ಮೂವರ ಮುಂದೆಯೂ ಆರು ಸಾವಿರ ರೂಪಾಯಿಯಿಂದ ಹಿಡಿದು ಲಕ್ಷಗಟ್ಟಲೆ ಬೆಲೆಯವರೆಗಿನ ಯಂತ್ರಗಳ ಸಾಲು ನಿಂತಿದೆ. ಮಾರುವವರೆಲ್ಲರೂ ಒಂದೇ ಮಾತನ್ನು, ಅಂದರೆ ತಮ್ಮ ಯಂತ್ರ ಎಷ್ಟು ಆಳಕ್ಕೆ ನೋಡುತ್ತದೆ ಎಂಬುದನ್ನು ಹೇಳುತ್ತಾರೆ.

ನನ್ನ ಅಭಿಪ್ರಾಯದಲ್ಲಿ ಆಳವು ಇವರಲ್ಲಿ ಯಾರ ತೊಂದರೆಯೂ ಅಲ್ಲ. ಒಂದೆರಡು ವರ್ಷಗಳ ಹಿಂದೆ ಬಿದ್ದ ಉಂಗುರವು ಸಾಮಾನ್ಯವಾಗಿ ಉಳುಮೆಯ ಪದರದೊಳಗೇ, ಅಂಗೈಯಷ್ಟು ಆಳದಲ್ಲಿ ಇರುತ್ತದೆ. ಅದನ್ನು ಸಿಗಗೊಡದಿರುವುದು ಅದರ ಸುತ್ತ ಬಿದ್ದಿರುವ ಗುಜರಿ: ಎತ್ತಿನ ಲಾಳದ ಮೊಳೆ, ತಂತಿಯ ತುಂಡು, ಬಾಟಲಿಯ ಮುಚ್ಚಳ, ಗುಳಿಗೆಯ ಹಾಳೆ, ಕೀಟನಾಶಕದ ಡಬ್ಬಿಯ ಬಾಯಿಗೆ ಅಂಟಿಸಿದ ಅಲ್ಯೂಮಿನಿಯಂ ಸೀಲು, ಅಗ್ಗದ ಮದ್ಯದ ಟೆಟ್ರಾ ಪ್ಯಾಕು. ನಮ್ಮ ಕಡೆ ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಹೇರುವ ರೂಢಿ ಇರುವುದರಿಂದ ಮನೆಯಂಗಳದ ಕಸವೆಲ್ಲ, ಕೆಲವೊಮ್ಮೆ ಅಂಗಳದಲ್ಲಿ ಕಳೆದುಹೋದ ಮೂಗುಬಟ್ಟೂ ಸೇರಿ, ಹೊಲದ ತುಂಬ ಹರಡಿಕೊಂಡಿರುತ್ತದೆ. ಆದ್ದರಿಂದ ಯಾವ ಯಂತ್ರ ಹೆಚ್ಚು ಆಳಕ್ಕೆ ಹೋಗುತ್ತದೆ ಎಂಬುದಕ್ಕಿಂತ, ಯಾವ ಯಂತ್ರ ಎರಡು ಮೊಳೆಗಳ ನಡುವೆ ಇರುವ ಉಂಗುರವನ್ನು ಬೇರೆಯಾಗಿ ಕೇಳಿಸುತ್ತದೆ ಎಂಬುದನ್ನು ನೋಡಬೇಕು.

ಮೊದಲು ಕಾನೂನಿನ ಮಾತು

ಯಂತ್ರದ ಮಾತಿಗೆ ಮುಂಚೆ ಇದನ್ನು ಹೇಳದೆ ವಿಧಿಯಿಲ್ಲ, ಏಕೆಂದರೆ ಈ ಮೂರು ಜಿಲ್ಲೆಗಳಲ್ಲಿ ಎಲ್ಲಿ ಸಲಿಕೆ ಇಟ್ಟರೂ ಹಳೆಯದೇನಾದರೂ ಸಿಗುವ ಸಾಧ್ಯತೆ ಇದೆ. ಬಂಗಾರದ ನೆಲೆಗಳನ್ನು ಅರಸುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಅವರಿಗೆ 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಸಿಕ್ಕಿದ್ದು ಅಶೋಕನ ಹೆಸರನ್ನೇ ಹೇಳುವ ಶಾಸನ. ಹಿರೇಬೆಣಕಲ್ಲಿನ ಶಿಲಾಸಮಾಧಿಗಳು, ಸಂಗನಕಲ್ಲಿನ ನವಶಿಲಾಯುಗದ ನೆಲೆ, ಆನೆಗೊಂದಿಯ ಕೋಟೆ ಇವೆಲ್ಲ ಇರುವ ಸೀಮೆ ಇದು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ವಲಯ, ಅದರಾಚೆಯ 200 ಮೀಟರು ನಿಯಂತ್ರಿತ ವಲಯ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚ್ಯವಸ್ತುವೇ. ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆ ಬಾಳುವ ನಿಧಿ ಸಿಕ್ಕರೆ ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕೆಂಬ ನಿಯಮ 1878ರ ನಿಧಿ ಕಾಯ್ದೆಯಷ್ಟು ಹಳೆಯದು. ಸಿಕ್ಕ ಹೊಲ ನಿಮ್ಮದೇ ಆಗಿದ್ದರೂ ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗಳಿಗೋ ತಿಳಿಸದೆ ಮನೆಗೆ ಒಯ್ಯುವಂತಿಲ್ಲ. ಗುಡಿ, ಕೋಟೆ, ಹಾಳೂರ ದಿಬ್ಬಗಳ ಬಳಿ ಈ ಯಂತ್ರವನ್ನು ಹಿಡಿದು ನಿಂತವನನ್ನು ಜನ ನಿಧಿಗಳ್ಳನೆಂದೇ ತಿಳಿಯುತ್ತಾರೆ, ಮತ್ತು ಹಾಗೆ ತಿಳಿಯುವುದರಲ್ಲಿ ತಪ್ಪೂ ಇಲ್ಲ. ಈ ಬರಹದಲ್ಲಿ ಹೋಲಿಸುತ್ತಿರುವುದು ಕಳೆದುಹೋದ ಇಂದಿನ ಒಡವೆಗಳನ್ನು, ಜಮೀನಿನ ಒಡೆಯರ ಒಪ್ಪಿಗೆಯಿಂದ, ಹಗಲು ಹೊತ್ತಿನಲ್ಲಿ ಹುಡುಕುವ ಯಂತ್ರಗಳನ್ನು ಮಾತ್ರ.

ಯಾವುದರಿಂದ ಅಳೆಯಬೇಕು

ಡಿಟೆಕ್ಟರಿನ ಕೋಲಿನ ತುದಿಯಲ್ಲಿರುವ ತಂತಿಸುರುಳಿಯ ತಟ್ಟೆ, ಅಂದರೆ ಕಾಯಿಲ್, ನೆಲದೊಳಗೆ ಕಾಂತಕ್ಷೇತ್ರವೊಂದನ್ನು ಕಳುಹಿಸುತ್ತದೆ. ಅದರಿಂದ ಲೋಹದಲ್ಲಿ ಸುಳಿವಿದ್ಯುತ್ತು ಹುಟ್ಟಿ, ಆ ವಿದ್ಯುತ್ತಿನ ಕ್ಷೇತ್ರವು ಸ್ವಲ್ಪ ತಡವಾಗಿ ಕಾಯಿಲಿಗೆ ಮರಳುತ್ತದೆ. ಆ ತಡವನ್ನು ಅಳೆದು ಯಂತ್ರವು ಪರದೆಯ ಮೇಲೆ ಒಂದು ಸಂಖ್ಯೆಯನ್ನು ತೋರಿಸುತ್ತದೆ. ಕಬ್ಬಿಣ ಕೆಳಗಿನ ಸಂಖ್ಯೆಗಳಲ್ಲಿ, ದಪ್ಪ ಬೆಳ್ಳಿ ಮತ್ತು ತಾಮ್ರ ಮೇಲಿನ ಸಂಖ್ಯೆಗಳಲ್ಲಿ ಬರುತ್ತವೆ. ತೊಡಕು ಇರುವುದು ನಡುವೆ. ಆ ಸಂಖ್ಯೆ ಲೋಹದ ಹೆಸರನ್ನು ಹೇಳುವುದಿಲ್ಲ; ಲೋಹದ ವಾಹಕತೆ, ಗಾತ್ರ, ದಪ್ಪ, ಆಕಾರ ಎಲ್ಲವೂ ಕೂಡಿ ಅದು ಹುಟ್ಟುತ್ತದೆ. ಹೀಗಾಗಿ ತೆಳುವಾದ ಬಂಗಾರದ ಉಂಗುರವೂ ಮಡಚಿ ಬಿದ್ದ ಅಲ್ಯೂಮಿನಿಯಂ ಸೀಲೂ ಒಂದೇ ಸಂಖ್ಯೆಯಲ್ಲಿ ಬಂದು ನಿಲ್ಲುತ್ತವೆ. ಮೂಗುಬಟ್ಟು ಇನ್ನೂ ಕೆಳಗೆ, ಕಬ್ಬಿಣದ ಗಡಿಗೆ ತಾಗಿಕೊಂಡು ಬರುತ್ತದೆ. ಬಂಗಾರದ ಸರವಂತೂ ಮೋಸಗಾರ ವಸ್ತು: ಯಂತ್ರವು ಇಡೀ ಸರವನ್ನು ಕಾಣದೆ ಒಂದೊಂದು ಕೊಂಡಿಯನ್ನು ಬೇರೆ ಬೇರೆಯಾಗಿ ಕಾಣುವುದರಿಂದ, ಎರಡು ತೊಲೆಯ ಸರ ಒಂದು ಪುಟ್ಟ ಓಲೆಗಿಂತ ಸಣ್ಣ ದನಿಯನ್ನು ಕೊಡಬಹುದು. ಮುರಿದು ಬಾಯಿಬಿಟ್ಟ ಉಂಗುರವೂ ಮುಚ್ಚಿದ ಉಂಗುರಕ್ಕಿಂತ ಮೆಲ್ಲಗೆ ಕೇಳಿಸುತ್ತದೆ. ಗುಟ್ಕಾ ಚೀಟಿಗಳು ಮಾತ್ರ, ನೋಡಲು ಫಳಫಳ ಹೊಳೆದರೂ, ಅವುಗಳ ಲೋಹದ ಲೇಪ ಅತಿ ತೆಳುವಾದ್ದರಿಂದ ಸಾಮಾನ್ಯವಾಗಿ ಸುಮ್ಮನಿರುತ್ತವೆ.

ಕಬ್ಬಿಣದ ದನಿಯನ್ನು ಯಂತ್ರವೇ ನುಂಗುವಂತೆ ಮಾಡುವ ವ್ಯವಸ್ಥೆಗೆ ಡಿಸ್ಕ್ರಿಮಿನೇಷನ್ ಎನ್ನುತ್ತಾರೆ. ಹೊಸಬರು ಇದನ್ನೇ ದೊಡ್ಡ ಗುಣವೆಂದು ತಿಳಿದು ಪೂರ್ತಿ ಏರಿಸಿಬಿಡುತ್ತಾರೆ. ಕಣದಲ್ಲಿ ರಾಶಿ ತೂರುವವರಿಗೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕಿಲ್ಲ: ಗಾಳಿ ಅತಿಯಾದರೆ ಹೊಟ್ಟಿನ ಜೊತೆಗೆ ಸಣ್ಣ ಕಾಳೂ ಹಾರಿಹೋಗುತ್ತದೆ. ಕಾಯಿಲಿನ ಕೆಳಗೆ ಮೊಳೆಯೂ ಉಂಗುರವೂ ಒಟ್ಟಿಗೆ ಬಂದಾಗ ಯಂತ್ರ ಮೊಳೆಗಾಗಿ ಬಾಯಿ ಮುಚ್ಚಿಕೊಂಡರೆ ಉಂಗುರವೂ ಅದೇ ಮೌನದಲ್ಲಿ ಅಡಗಿಹೋಗುತ್ತದೆ. ಅಲ್ಯೂಮಿನಿಯಂ ಹಾಳೆಯ ಕಿರಿಕಿರಿ ತಾಳಲಾರದೆ ಆ ಸಂಖ್ಯೆಗಳನ್ನೂ ಮುಚ್ಚಿದವರು ಬಂಗಾರದ ಬಾಗಿಲನ್ನು ತಾವೇ ಮುಚ್ಚಿಕೊಂಡಂತೆ.

ಇದರಿಂದ ಮೊದಲ ಮಾನದಂಡ ತಾನಾಗಿಯೇ ಹೊರಡುತ್ತದೆ: ಒಂದು ವಸ್ತುವಿಗೆ ದನಿ ಕೊಟ್ಟು ಮುಗಿಸಿ ಮುಂದಿನ ವಸ್ತುವಿಗೆ ಯಂತ್ರ ಎಷ್ಟು ಬೇಗ ಸಿದ್ಧವಾಗುತ್ತದೆ ಎಂಬ ಚೇತರಿಕೆಯ ವೇಗ. ಎರಡನೆಯದು ಕಾಯಿಲಿನ ಗಾತ್ರ ಮತ್ತು ಬಗೆ. ಮೂರನೆಯದು ನೆಲವನ್ನು ತಾಳಿಕೊಳ್ಳುವ ಶಕ್ತಿ. ಸಂಡೂರು, ಹೊಸಪೇಟೆಗಳ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅದಿರಿನ ಅಂಶ ಹೆಚ್ಚು. ತುಂಗಭದ್ರಾ ಕಾಲುವೆಯ ಗಂಗಾವತಿ, ಸಿರುಗುಪ್ಪ, ಸಿಂಧನೂರು ಭಾಗಗಳಲ್ಲಿ ಸವಳು ಬಿದ್ದ ನೆಲವಿದ್ದು, ಉಪ್ಪಿನ ಅಂಶದ ಮಣ್ಣು ಒದ್ದೆಯಾದಾಗ ತಾನೇ ವಿದ್ಯುತ್ತನ್ನು ಹರಿಯಗೊಟ್ಟು ಸುಳ್ಳು ದನಿಗಳನ್ನು ಎಬ್ಬಿಸುತ್ತದೆ. ನಾಲ್ಕನೆಯದು, ಸಣ್ಣ ಬಂಗಾರಕ್ಕೆ ಯಂತ್ರದ ಕಿವಿ ಎಷ್ಟು ಚುರುಕು ಎಂಬುದು. ತೂಕ, ಬ್ಯಾಟರಿ, ಬೆಲೆಗಳು ನಂತರ ಬರುತ್ತವೆ.

ನಿಮ್ಮ ನೆಲ ಯಾವ ಬಗೆಯದೆಂದು ತಿಳಿಯಲು ಪೈಸೆ ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ಹಳೆಯ ಸ್ಪೀಕರಿನ ಆಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಣಮಣ್ಣಿನಲ್ಲಿ ನಾಲ್ಕು ಸಲ ಎಳೆಯಿರಿ. ಚೀಲಕ್ಕೆ ಕಪ್ಪು ಪುಡಿ ಗಡ್ಡದಂತೆ ಅಂಟಿಕೊಂಡರೆ, ನೆಲಕ್ಕೆ ತಕ್ಕಂತೆ ಹೊಂದಿಸಿಕೊಳ್ಳುವ ಗ್ರೌಂಡ್ ಬ್ಯಾಲೆನ್ಸ್ ಇಲ್ಲದ ಯಂತ್ರವನ್ನು ಕೊಳ್ಳುವ ಯೋಚನೆಯನ್ನೇ ಬಿಡಬೇಕು.

ಹತ್ತು ಸಾವಿರದೊಳಗಿನ ಯಂತ್ರಗಳು

ಇವುಗಳಲ್ಲಿ ಹೆಚ್ಚಿನವುಗಳಿಗೆ ಕೆಳಮಟ್ಟದ ಒಂದೇ ಆವರ್ತನ (ಕಾಯಿಲಿನ ಕಾಂತಕ್ಷೇತ್ರ ಸೆಕೆಂಡಿಗೆ ಎಷ್ಟು ಸಲ ಅದಲುಬದಲಾಗುತ್ತದೆ ಎಂಬ ಲೆಕ್ಕ), ಒಂದು ಮುಳ್ಳು ಅಥವಾ ಮೂರು ಚಿತ್ರಗಳ ಪರದೆ, ಎರಡು ಮೂರು ದನಿ ಇರುತ್ತವೆ. ನಾನು ಮೊದಲು ತರಿಸಿದ್ದು ಇಂತಹದ್ದೇ. ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲದಲ್ಲಿ ಅದು ಹೆಜ್ಜೆಹೆಜ್ಜೆಗೆ ಕೂಗಿತು. ಸಂವೇದನೆಯನ್ನು ಇಳಿಸಿದಾಗ ಕೂಗು ನಿಂತಿತಾದರೂ, ಬಳಿಕ ಅಂಗೈಯಲ್ಲಿಟ್ಟ ಉಂಗುರವನ್ನು ಕಾಯಿಲಿಗೆ ತೀರ ಹತ್ತಿರ ಹಿಡಿದರೆ ಮಾತ್ರ ಕೇಳಿಸಿತು. ಎರಡು ವಸ್ತುಗಳು ಒಂದು ಗೇಣಿನೊಳಗೆ ಇದ್ದರೆ ಅದಕ್ಕೆ ಅವು ಒಂದೇ. ಹೊಲದಲ್ಲಿ ಹೂತುಹೋದ ಪೈಪಿನ ವಾಲ್ವು, ಕುಂಟೆಯಿಂದ ಕಳಚಿ ಬಿದ್ದ ತಾಳು ಮುಂತಾದವನ್ನು ಹುಡುಕಲು ಇದು ಸಾಕು. ಗುಜರಿಯ ನಡುವಿನ ಒಡವೆಗೆ ಆಗದು. ಹಣ ಅಷ್ಟೇ ಇದ್ದರೆ, ಅದನ್ನು ಕೂಡಿಟ್ಟು ಮುಂದಿನ ಮೆಟ್ಟಿಲಿಗೆ ಕಾಯುವುದು ಮೇಲು.

ಒಂದೇ ಆವರ್ತನದ ಒಳ್ಳೆಯ ಯಂತ್ರಗಳು

ಹೆಸರಾಂತ ತಯಾರಕರ ಆರಂಭಿಕ ಯಂತ್ರಗಳು ಈ ಗುಂಪಿಗೆ ಸೇರುತ್ತವೆ. ಅಮೆರಿಕದ ಗ್ಯಾರೆಟ್ ಕಂಪನಿಯ ಏಸ್ 300 ಯಂತ್ರ 8 ಕಿಲೋಹರ್ಟ್ಸ್‌ನಲ್ಲಿ, ಏಸ್ 400 ಯಂತ್ರ 10 ಕಿಲೋಹರ್ಟ್ಸ್‌ನಲ್ಲಿ, ಟರ್ಕಿಯ ನೋಕ್ಟಾ ಕಂಪನಿಯ ಸಿಂಪ್ಲೆಕ್ಸ್ ಪ್ಲಸ್ 12 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಈ ಆವರ್ತನ ಏರಿದಂತೆ ಸಣ್ಣ ಬಂಗಾರಕ್ಕೆ ಕಿವಿ ಚುರುಕಾಗುತ್ತದೆ. ಇಳಿದಂತೆ ದಪ್ಪ ಬೆಳ್ಳಿ, ತಾಮ್ರಗಳಿಗೆ ಒಲವು ಹೆಚ್ಚುತ್ತದೆ. ಕಾಲುಂಗುರ, ಕಾಲ್ಗೆಜ್ಜೆ ಕಳೆದವರಿಗೆ 8 ಕಿಲೋಹರ್ಟ್ಸ್ ಸಾಲದೆಂದು ಯಾರೂ ಹೇಳಲಾರರು. ಬೋರಮಾಳದ ಟೊಳ್ಳು ಗುಂಡಿಗೆ, ಮೂಗುಬಟ್ಟಿಗೆ ಅದು ಸಾಲದು.

ಏಸ್ ಸಾಲಿನ ಯಂತ್ರಗಳಲ್ಲಿ ನೆಲದ ಹೊಂದಾಣಿಕೆ ಕಾರ್ಖಾನೆಯಲ್ಲಿಯೇ ನಿಗದಿಯಾಗಿರುತ್ತದೆ, ಕೈಯಿಂದ ಬದಲಿಸಲು ಬರುವುದಿಲ್ಲ. ಸಾಧಾರಣ ಎರೆಹೊಲದಲ್ಲಿ ಇದು ನನಗೆ ಅಷ್ಟಾಗಿ ತೊಂದರೆ ಕೊಟ್ಟಿಲ್ಲ. ಸಂಡೂರಿನ ಕಡೆಯ ಕೆಂಪು ನೆಲದಲ್ಲಿ ತೊಂದರೆ ಕೊಟ್ಟಿದೆ. ಸಿಂಪ್ಲೆಕ್ಸಿನಲ್ಲಿ ನೆಲವನ್ನು ಹೊಂದಿಸಿಕೊಳ್ಳಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ. ಏಸ್ 300ಕ್ಕೆ ಬರುವ ಕಾಯಿಲ್ ಒಂದರೊಳಗೊಂದು ವೃತ್ತವಿರುವ ಕಾನ್‌ಸೆಂಟ್ರಿಕ್ ಬಗೆಯದು. ಅದರ ಕ್ಷೇತ್ರ ಕೆಳಗಿಳಿದಂತೆ ಬುಗುರಿಯ ಮೊನೆಯ ಹಾಗೆ ಕಿರಿದಾಗುತ್ತದೆ. ಏಸ್ 400ಕ್ಕೂ ಉಳಿದ ಹೆಚ್ಚಿನ ಹೊಸ ಯಂತ್ರಗಳಿಗೂ ಬರುವ ಡಬಲ್-ಡಿ ಕಾಯಿಲಿನ ಕ್ಷೇತ್ರವು ಕುಂಟೆಯ ಕುಡದಂತೆ ಉದ್ದವಾದ ತೆಳು ಪಟ್ಟಿ. ಅದಿರಿನ ನೆಲದಲ್ಲಿಯೂ, ಒತ್ತೊತ್ತಾಗಿ ಬಿದ್ದ ವಸ್ತುಗಳನ್ನು ಬಿಡಿಸುವುದರಲ್ಲಿಯೂ ಡಬಲ್-ಡಿ ಮೇಲು. ಆದರೆ ಸೋಡಾ, ಬಿಯರ್ ಬಾಟಲಿಗಳ ಚಪ್ಪಟೆ ಕಬ್ಬಿಣದ ಮುಚ್ಚಳವನ್ನು ಡಬಲ್-ಡಿ ಅನೇಕ ಸಲ ಒಳ್ಳೆಯ ಲೋಹವೆಂದು ಕೂಗಿ ಅಗೆಯಿಸುತ್ತದೆ. ಕಾನ್‌ಸೆಂಟ್ರಿಕ್ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಢಾಬಾದ ಹಿಂದಿನ ಜಾಗದಲ್ಲಿ, ಮದುವೆ ನಡೆದ ತೋಟದಲ್ಲಿ ಹುಡುಕುವವರಿಗೆ ಈ ಒಂದು ವ್ಯತ್ಯಾಸವೇ ಅರ್ಧ ದಿನದ ಅಗೆತವನ್ನು ಉಳಿಸಬಹುದು.

ಹಲವು ಆವರ್ತನಗಳನ್ನು ಒಟ್ಟಿಗೆ ಬಳಸುವ ಯಂತ್ರಗಳು

ಇವು ಒಂದೇ ಹೊತ್ತಿಗೆ ಕೆಳಗಿನ, ಮೇಲಿನ ಆವರ್ತನಗಳನ್ನು ಕಳುಹಿಸಿ, ಮರಳಿದ ಉತ್ತರಗಳನ್ನು ಹೋಲಿಸಿ ನೋಡುತ್ತವೆ. ಆಸ್ಟ್ರೇಲಿಯದ ಮೈನ್‌ಲ್ಯಾಬ್ ಕಂಪನಿ 2018ರಲ್ಲಿ ತಂದ ಈಕ್ವಿನಾಕ್ಸ್ 600 ಮತ್ತು 800, ಅದರದೇ ಅಗ್ಗದ ಸಾಲಾದ ವ್ಯಾಂಕ್ವಿಶ್, ನೋಕ್ಟಾದ ಲೆಜೆಂಡ್, ಫ್ರಾನ್ಸಿನ ಎಕ್ಸ್‌ಪಿ ಕಂಪನಿಯ ಡ್ಯೂಸ್ 2 ಈ ಗುಂಪಿನವು. ಸವಳು ನೆಲದ ಸುಳ್ಳು ದನಿಗಳನ್ನು ಅಡಗಿಸುವುದರಲ್ಲಿ ಒಂದೇ ಆವರ್ತನದ ಯಾವ ಯಂತ್ರವೂ ಇವುಗಳಿಗೆ ಸಮನಾಗಿ ನಿಲ್ಲುವುದನ್ನು ನಾನು ಕಂಡಿಲ್ಲ. ಭತ್ತದ ಗದ್ದೆ ಇರುವ ಕಡೆ ಇದೊಂದು ಕಾರಣಕ್ಕೇ ಇವುಗಳತ್ತ ವಾಲಬಹುದು.

ಗುಜರಿಯ ದೃಷ್ಟಿಯಿಂದ ಇವುಗಳ ನಿಜವಾದ ಗುಣ ಚೇತರಿಕೆಯ ವೇಗವನ್ನು ನಾವೇ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದಾದದ್ದು. ಈಕ್ವಿನಾಕ್ಸ್ 600ರಲ್ಲಿ ಇದಕ್ಕೆ ಮೂರು ಮೆಟ್ಟಿಲು, 800ರಲ್ಲಿ ಎಂಟು. ವೇಗ ಏರಿಸಿದರೆ ಮೊಳೆಗಳ ನಡುವಿನ ವಸ್ತು ಚಿಟಿಕೆಯಷ್ಟು ಚಿಕ್ಕ ದನಿಯಾಗಿ, ಆದರೆ ಬೇರೆಯಾಗಿ ಕೇಳಿಸುತ್ತದೆ. ಪ್ರತಿಯಾಗಿ ಆಳ ಒಂದಿಷ್ಟು ಕಡಿಮೆಯಾಗುತ್ತದೆ. ಆಳ ನಮಗೆ ಬೇಡವೆಂದು ಮೊದಲೇ ಒಪ್ಪಿಕೊಂಡಿರುವುದರಿಂದ ಇದು ನಷ್ಟದ ವ್ಯಾಪಾರವಲ್ಲ. ವ್ಯಾಂಕ್ವಿಶ್‌ನಲ್ಲಿ ಈ ಹಿಡಿತ ಬಳಸುವವರ ಕೈಗೆ ಸಿಗುವುದಿಲ್ಲ. ಬದಲಿಗೆ ಅದು ಸರಳ, ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸೆಲ್ಲುಗಳಿಂದ ನಡೆಯುತ್ತದೆ. ಕರೆಂಟು ಹೋದರೆ ಸಂಜೆಯವರೆಗೆ ಬಾರದ ಊರಿನಲ್ಲಿರುವವರು ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕಬಾರದು. ಈಕ್ವಿನಾಕ್ಸ್ 800ರಲ್ಲಿ 20 ಮತ್ತು 40 ಕಿಲೋಹರ್ಟ್ಸ್‌ಗಳನ್ನು ಒಂಟಿಯಾಗಿಯೂ ಬಳಸಲು ಬರುತ್ತದೆ. ಸಣ್ಣ ಗುಂಡು, ಮೂಗುಬಟ್ಟುಗಳಿಗೆ ಇದು ಉಪಕಾರಿ. 600ರಲ್ಲಿ 15 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ.

ಇವುಗಳ ದೋಷವೆಂದರೆ ಮಾತು ಹೆಚ್ಚು. ಎಲ್ಲ ದನಿಗಳನ್ನೂ ತೆರೆದಿಟ್ಟು ಗುಜರಿಯ ನೆಲದಲ್ಲಿ ನಡೆದರೆ ಕಿವಿಯಲ್ಲಿ ಸಂತೆ ನೆರೆಯುತ್ತದೆ. ಕಬ್ಬಿಣದ ದನಿಯನ್ನು ಪೂರ್ತಿ ಮುಚ್ಚದೆ, ಅದನ್ನು ಮಂದ್ರದಲ್ಲಿ ಸಣ್ಣಗೆ ಇಟ್ಟುಕೊಂಡು, ಅದರ ಮೇಲೆ ಏಳುವ ಬೇರೆ ದನಿಯನ್ನು ಗುರುತಿಸಲು ಕಿವಿ ಪಳಗಬೇಕು. ನನಗೆ ಒಂದು ಬೇಸಿಗೆ ಪೂರ್ತಿ ಬೇಕಾಯಿತು. ವರ್ಷಕ್ಕೆ ಎರಡು ಸಲ ಯಂತ್ರ ಹಿಡಿಯುವವರಿಗೆ ಇಷ್ಟು ಬೆಲೆ ಕೊಟ್ಟದ್ದು ದಕ್ಕುವುದಿಲ್ಲ.

ಪಲ್ಸ್ ಇಂಡಕ್ಷನ್, ಮತ್ತು ಬೇಡವೇ ಬೇಡವಾದದ್ದು

ಕಾಂತಕ್ಷೇತ್ರವನ್ನು ಬಿಟ್ಟುಬಿಟ್ಟು ಚಿಕ್ಕ ಹೊಡೆತಗಳಾಗಿ ಕಳುಹಿಸುವ ಪಲ್ಸ್ ಇಂಡಕ್ಷನ್ ಯಂತ್ರಗಳು ಅದಿರಿನ ನೆಲವನ್ನು ಹೆಚ್ಚುಕಡಿಮೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆಳಕ್ಕೂ ಹೋಗುತ್ತವೆ. ಗಣಿಸೀಮೆಯಲ್ಲಿ ನೈಸರ್ಗಿಕ ಬಂಗಾರದ ತುಣುಕುಗಳನ್ನು ಅರಸುವವರಿಗಾಗಿ ಬೆಳೆದ ತಂತ್ರ ಇದು. ಹಟ್ಟಿ ಚಿನ್ನದ ಗಣಿ ನಮ್ಮ ಲಿಂಗಸುಗೂರು ತಾಲ್ಲೂಕಿನಲ್ಲಿಯೇ ಇರುವುದರಿಂದ ಕೆಲವರಿಗೆ ಇದರ ಮೇಲೆ ಆಸೆ ಹುಟ್ಟುತ್ತದೆ. ಅಲ್ಲಿಯ ಬಂಗಾರ ಬಂಡೆಯೊಳಗಿನ ಸಣ್ಣ ಕಣಗಳಾಗಿ ಹರಡಿಕೊಂಡಿರುವಂಥದು, ಕಾಯಿಲ್ ಬೀಸಿ ಹೆಕ್ಕುವಂಥದಲ್ಲ, ಮತ್ತು ಖನಿಜಕ್ಕೆ ಬೇರೆ ಕಾನೂನಿದೆ. ನಮ್ಮ ಕೆಲಸಕ್ಕೆ ಪಲ್ಸ್ ಯಂತ್ರ ಒಗ್ಗದಿರುವ ಕಾರಣ ಒಂದೇ: ಕಬ್ಬಿಣವನ್ನೂ ಬಂಗಾರವನ್ನೂ ಬೇರ್ಪಡಿಸುವುದರಲ್ಲಿ ಅದು ಬಹಳ ಹಿಂದೆ. ತಿಪ್ಪೆ ಗೊಬ್ಬರ ಹೇರಿದ ಹೊಲದಲ್ಲಿ ಅದನ್ನು ಹಿಡಿದವರು ಸಂಜೆಗೆ ಒಂದು ಬುಟ್ಟಿ ಮೊಳೆಯೊಂದಿಗೆ ಮನೆಗೆ ಬರುತ್ತಾರೆ. ಬೆಲೆಯೂ ಲಕ್ಷಗಳಲ್ಲಿ.

ಇನ್ನು ಎರಡು ಆಂಟೆನಾ ಕಡ್ಡಿಗಳಿರುವ, ನೂರಾರು ಮೀಟರು ದೂರದಿಂದಲೇ ಬಂಗಾರದ ದಿಕ್ಕನ್ನು ತೋರಿಸುತ್ತವೆ ಎನ್ನುವ ಉಪಕರಣಗಳ ವಿಷಯದಲ್ಲಿ ಹೋಲಿಕೆಯೇ ಇಲ್ಲ. ಹಾಗೆ ಕೆಲಸ ಮಾಡುವ ಭೌತಿಕ ತತ್ವವಿಲ್ಲ. ಇದೇ ಬಗೆಯ ಕಡ್ಡಿಯ ಉಪಕರಣವೊಂದನ್ನು ಬಾಂಬು ಪತ್ತೆಯ ಯಂತ್ರವೆಂದು ಇರಾಕಿಗೆ ಮಾರಿದ ಬ್ರಿಟನ್ನಿನ ವ್ಯಾಪಾರಿಗೆ 2013ರಲ್ಲಿ ಹತ್ತು ವರ್ಷಗಳ ಸೆರೆಯಾಯಿತು. ಅದರೊಳಗೆ ಕೆಲಸ ಮಾಡುವ ಯಾವ ಭಾಗವೂ ಇರಲಿಲ್ಲ. ನಮ್ಮ ಕಡೆ ಪೂಜೆಯ ಸಾಮಾನಿನ ಪಟ್ಟಿಯೊಂದಿಗೆ ಇಂಥದನ್ನು ತೋರಿಸಲು ಬರುವವರಿದ್ದಾರೆ. ಅವರಿಗೆ ಚಹಾ ಕೊಟ್ಟು ಕಳುಹಿಸಿದರೆ ಸಾಕು.

ಸಣ್ಣ ಕಾಯಿಲ್: ಎಲ್ಲಕ್ಕಿಂತ ಅಗ್ಗದ ಸುಧಾರಣೆ

ಯಂತ್ರ ಯಾವುದೇ ಇರಲಿ, ಹನ್ನೊಂದು ಅಂಗುಲದ ಕಾಯಿಲನ್ನು ತೆಗೆದು ಐದಾರು ಅಂಗುಲದ ಕಾಯಿಲನ್ನು ಹಾಕಿದಾಗ ಆಗುವ ಬದಲಾವಣೆಯನ್ನು ಕಣ್ಣಾರೆ ಕಂಡವರಿಗಷ್ಟೇ ನಂಬಲು ಸಾಧ್ಯ. ದೊಡ್ಡ ಕಾಯಿಲಿನ ಕೆಳಗೆ ಒಂದೇ ಹೊತ್ತಿಗೆ ನಾಲ್ಕೈದು ವಸ್ತುಗಳು ಸಿಕ್ಕಿಬೀಳುತ್ತವೆ. ಸಣ್ಣದರ ಕೆಳಗೆ ಒಂದೋ ಎರಡೋ. ಹೋದ ವರ್ಷ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಹಲಗೆಯ ಮೇಲೆ ನಾಲ್ಕು ಗ್ರಾಮಿನ ಉಂಗುರವನ್ನಿಟ್ಟು, ಅದರ ಸುತ್ತ ನಾಲ್ಕು ತುಕ್ಕುಹಿಡಿದ ಮೊಳೆಗಳನ್ನು ಮೂರು ಬೆರಳು ದೂರದಲ್ಲಿ ಚೌಕವಾಗಿ ಇಟ್ಟು ನೋಡಿದೆ. ದುಬಾರಿಯಾದ ಬಹು ಆವರ್ತನದ ಯಂತ್ರ ತನ್ನ ದೊಡ್ಡ ಕಾಯಿಲಿನೊಂದಿಗೆ ಎರಡು ದಿಕ್ಕಿನಿಂದ ಮಾತ್ರ ಉಂಗುರವನ್ನು ಹೇಳಿತು. ಸಣ್ಣ ಕಾಯಿಲ್ ಹಾಕಿದ ಹಳೆಯ ಒಂಟಿ ಆವರ್ತನದ ಯಂತ್ರ ಮೂರು ದಿಕ್ಕಿನಿಂದ ಹೇಳಿತು. ಅದೇ ದುಬಾರಿ ಯಂತ್ರಕ್ಕೆ ಆರು ಅಂಗುಲದ ಕಾಯಿಲ್ ಹಾಕಿದಾಗ ಹಲಗೆಯನ್ನು ಹೇಗೆ ತಿರುಗಿಸಿದರೂ ಉಂಗುರ ಅಡಗಲಿಲ್ಲ.

ಕೊಳ್ಳುವ ಮುಂಚೆ ನೀವೂ ಈ ಹಲಗೆಯನ್ನು ಮಾರುವವರ ಬಳಿಗೆ ಒಯ್ಯಬೇಕೆಂಬುದು ನನ್ನ ಒತ್ತಾಯದ ಸಲಹೆ. ಜೊತೆಗೆ ಒಂದು ಕೀಟನಾಶಕದ ಸೀಲು, ಒಂದು ಬಾಟಲಿಯ ಮುಚ್ಚಳ, 1992ರ ಈಚಿನ ಸ್ಟೇನ್‌ಲೆಸ್ ಸ್ಟೀಲಿನ ಒಂದು ರೂಪಾಯಿ ನಾಣ್ಯವೂ ಇರಲಿ. ಆ ನಾಣ್ಯ ಆಯಸ್ಕಾಂತಕ್ಕೆ ಅಂಟುವಂಥದಾದ್ದರಿಂದ ಹಲವು ಯಂತ್ರಗಳಲ್ಲಿ ಅದರ ಸಂಖ್ಯೆ ಚಂಚಲವಾಗಿ ಕುಣಿಯುತ್ತದೆ. ಜಾತ್ರೆಯ ಬಯಲಿನಲ್ಲಿ ಹೆಜ್ಜೆಗೊಂದರಂತೆ ಸಿಗುವ ವಸ್ತು ಅದು, ಅದರ ದನಿಯ ಗುರುತು ಮೊದಲೇ ಇರಬೇಕು. ಒಂದು ದೊಡ್ಡ ಕಬ್ಬಿಣದ ತುಂಡನ್ನೂ, ಹಳೆಯ ಬಂಡಿಯ ಪಟ್ಟಿಯ ಚೂರನ್ನೋ ಎತ್ತಿನ ಲಾಳವನ್ನೋ, ತೋರಿಸಿ ನೋಡಿ: ದೊಡ್ಡ ಚಪ್ಪಟೆ ಕಬ್ಬಿಣ ಎಷ್ಟೋ ಸಲ ಬೆಳ್ಳಿಯ ಸಂಖ್ಯೆಗೆ ಹಾರಿಬಿಡುತ್ತದೆ. ಹಲಗೆಯನ್ನು ನೋಡಿದ ಕೂಡಲೇ ಮುಖ ಸಿಂಡರಿಸಿ, ಗಾಳಿಯಲ್ಲಿ ನಾಣ್ಯ ಬೀಸಿ ತೋರಿಸುತ್ತೇನೆ ಎನ್ನುವ ಮಾರಾಟಗಾರನಿಂದ ಕೊಳ್ಳಬೇಡಿ.

ಸಣ್ಣ ಕಾಯಿಲಿಗೆ ತೆರಬೇಕಾದ ಬೆಲೆ ಸಮಯ. ಒಂದು ಎಕರೆಯನ್ನು ಹನ್ನೊಂದು ಅಂಗುಲದ ಕಾಯಿಲಿನಿಂದ ಒಂದೆರಡು ದಿನದಲ್ಲಿ ಮುಗಿಸಬಹುದಾದರೆ ಆರು ಅಂಗುಲದಿಂದ ಅದರ ಎರಡರಷ್ಟು ಹಿಡಿಯುತ್ತದೆ. ಹೀಗಾಗಿ ಕಳೆದ ಜಾಗ ಗೊತ್ತಿರುವವರಿಗೆ ಸಣ್ಣದು, ಗೊತ್ತಿಲ್ಲದವರಿಗೆ ಎರಡೂ. ಯಂತ್ರ ಕೊಳ್ಳುವಾಗ ಅದಕ್ಕೆ ಸಣ್ಣ ಕಾಯಿಲ್ ನಮ್ಮ ದೇಶದಲ್ಲಿ ಸಿಗುತ್ತದೆಯೇ ಎಂದು ಕೇಳದೆ ಹಣ ಕೊಡಬಾರದು. ಕೈಯಲ್ಲಿ ಹಿಡಿದು ಗುಂಡಿಯೊಳಗೆ ತೂರಿಸುವ ಪಿನ್‌ಪಾಯಿಂಟರ್ ಎಂಬ ಕಡ್ಡಿಯೂ ಹೀಗೆಯೇ ಅಗತ್ಯ. ಕೆಂಪು ಮಣ್ಣಿನ ಹೆಂಟೆಯಲ್ಲಿ ಮೂಗುಬಟ್ಟನ್ನು ಬರಿಗೈಯಿಂದ ಹುಡುಕುವುದು ಇನ್ನೊಮ್ಮೆ ಕಳೆದುಕೊಂಡಷ್ಟೇ ಸರಿ.

ಮೂವರಿಗೆ ಮೂರು ಬಗೆ

ಬಳ್ಳಾರಿಯ ಓದುಗರು ಯಂತ್ರವನ್ನು ಕೊಳ್ಳದಿರುವುದೇ ಒಳ್ಳೆಯದು. ಕೆಡವಿದ ಮಣ್ಣಿನ ಮನೆಯ ರಾಶಿಯಲ್ಲಿ ತೊಲೆ, ಬಾಗಿಲು, ಜಂತಿಗಳ ಮೊಳೆಗಳು ಎಷ್ಟಿರುತ್ತವೆಂದರೆ ಎಂಥ ಡಿಟೆಕ್ಟರೂ ಅಲ್ಲಿ ಬಳಲುತ್ತದೆ. ರಾಶಿಯನ್ನು ಬಯಲಿಗೆ ಹೇರಿಸಿ, ನಾಲ್ಕು ಬೆರಳಿಗಿಂತ ದಪ್ಪವಾಗದಂತೆ ಹರಡಿ, ದೊಡ್ಡ ಆಯಸ್ಕಾಂತದಿಂದ ಮೊಳೆಗಳನ್ನು ಎಳೆದು ತೆಗೆದು, ಉಳಿದ ಮಣ್ಣನ್ನು ಮರಳು ಸೋಸುವ ಜರಡಿಗೆ ಹಾಕಿಸಲಿ. ಅಕ್ಕಸಾಲಿಗರ ಓಣಿಯ ಧೂಳನ್ನು ಗುಡಿಸಿ ತೊಳೆದು ಬಂಗಾರದ ಕಣ ತೆಗೆಯುವವರು ಇದಕ್ಕಿಂತ ಸೂಕ್ಷ್ಮವಾದ ಕೆಲಸವನ್ನು ಯಾವ ಯಂತ್ರವೂ ಇಲ್ಲದೆ ಮಾಡುತ್ತಾರೆ. ಇಬ್ಬರು ಆಳುಗಳ ಮೂರು ದಿನದ ಕೂಲಿ ಅತಿ ಅಗ್ಗದ ಯಂತ್ರಕ್ಕಿಂತ ಕಡಿಮೆಗೆ ಬರುತ್ತದೆ. ಮೊಳೆಗಳೆಲ್ಲ ಹೋದಮೇಲೂ ಸಿಗದಿದ್ದರೆ, ಆಗ ಯಾರಿಂದಾದರೂ ಒಂದು ದಿನದ ಮಟ್ಟಿಗೆ ಯಂತ್ರವನ್ನು ಎರವಲು ತಂದು ಹರಡಿದ ಮಣ್ಣಿನ ಮೇಲೆ ಆಡಿಸಬಹುದು.

ಸಿಂಧನೂರಿನ ರೈತರ ಸಂಗತಿ ಬೇರೆ. ಗುಂಡುಗಳು ಸಣ್ಣವು, ಟೊಳ್ಳು. ಎಷ್ಟೋ ಬೋರಮಾಳಗಳ ಗುಂಡಿನೊಳಗೆ ಅರಗು ತುಂಬಿರುವುದರಿಂದ ಲೋಹದ ಸಿಪ್ಪೆ ತೀರ ತೆಳುವಾಗಿರುತ್ತದೆ. ಕೆಳಗಿನ ಆವರ್ತನದ ಯಂತ್ರ ಇವರಿಗೆ ದಂಡ. ಹತ್ತಿ ಬಿಡಿಸುತ್ತಿದ್ದ ಸಾಲುಗಳು ನೆನಪಿರುವುದರಿಂದ ಜಾಗ ಚಿಕ್ಕದು. ಆದ್ದರಿಂದ ಮೇಲಿನ ಆವರ್ತನ ಮತ್ತು ಸಣ್ಣ ಕಾಯಿಲ್ ಇವರಿಗೆ ಮುಖ್ಯ, ನೆಲ ಸವಳಾಗಿದ್ದರೆ ಬಹು ಆವರ್ತನವೂ ಬೇಕಾಗುತ್ತದೆ. ಒಂದು ಮಾಳಕ್ಕಾಗಿ ಅಷ್ಟು ಹಣ ಸುರಿಯುವುದಕ್ಕಿಂತ, ಅಂತಹ ಯಂತ್ರ ಉಳ್ಳವರನ್ನು ಕರೆಸಿ ದಿನದ ಲೆಕ್ಕದಲ್ಲಿ ಕೊಡುವುದು ಜಾಣತನ. ಅಲ್ಲಿಯವರೆಗೆ ಆ ಸಾಲುಗಳಲ್ಲಿ ರಂಟೆಯನ್ನಾಗಲಿ ರೋಟಾವೇಟರನ್ನಾಗಲಿ ಆಡಿಸಬಾರದು. ಆಳ ಬೇಡವೆಂಬ ನನ್ನ ಮಾತಿಗೆ ಇರುವ ಒಂದೇ ಅಪವಾದವೂ ಇಲ್ಲಿಯೇ ಇದೆ, ಅದು ಎರೆಯ ಬಿರುಕು: ಬೇಸಿಗೆಯಲ್ಲಿ ಎರೆಭೂಮಿ ಕೈ ತೂರುವಷ್ಟು ಅಗಲಕ್ಕೆ ಬಿರಿಯುತ್ತದೆ, ಬಿರುಕಿಗೆ ಬಿದ್ದ ಗುಂಡು ಯಾವ ಕಾಯಿಲಿಗೂ ನಿಲುಕದಷ್ಟು ಕೆಳಗೆ ಇಳಿಯುತ್ತದೆ, ಮಳೆ ಬಂದು ಮಣ್ಣು ಉಬ್ಬಿ ಬಾಯಿ ಮುಚ್ಚಿದರೆ ಅಲ್ಲಿಗೆ ಮುಗಿಯಿತು. ಹಾಗಾಗಿ ನೆಲ ಪೂರ್ತಿ ಬಿರಿಯುವ ಮುಂಚೆಯೇ ಹುಡುಕಿಸಬೇಕು.

ಕೊಪ್ಪಳದ ಯುವಕರಿಗೆ ಮಾತ್ರ ಬಹು ಆವರ್ತನದ, ಚೇತರಿಕೆಯ ವೇಗವನ್ನು ಬದಲಿಸಬಹುದಾದ ಯಂತ್ರವನ್ನೇ ಹೇಳುತ್ತೇನೆ, ಏಕೆಂದರೆ ಅವರು ಒಂದೇ ನೆಲದಲ್ಲಿ ನಿಲ್ಲುವವರಲ್ಲ. ಹುಲಿಗಿಯ ಹೊಳೆದಂಡೆಯ ಮರಳು, ಗವಿಮಠದ ಜಾತ್ರೆಯ ಬಯಲು, ಯಾರದೋ ಮಸಾರಿ ಹೊಲ, ಇನ್ನಾರದೋ ಗದ್ದೆ ಇವೆಲ್ಲಕ್ಕೂ ಒಂದೇ ಯಂತ್ರ ಹೊಂದಬೇಕು. ಜಾತ್ರೆಯ ಬಯಲಿಗೆ ಇಳಿಯುವ ಮುಂಚೆ ಮಠದ ಅಥವಾ ದೇವಸ್ಥಾನದ ಆಡಳಿತದವರಿಂದ ಬರಹದಲ್ಲಿ ಒಪ್ಪಿಗೆ ಪಡೆಯುವುದು, ಸಿಕ್ಕ ಒಡವೆಗಳನ್ನು ಅವರ ಎದುರೇ ದಾಖಲಿಸಿ ಒಪ್ಪಿಸುವುದು ಯಂತ್ರದಷ್ಟೇ ಅಗತ್ಯವಾದ ಸಾಧನವೆಂದು ತಿಳಿಯಲಿ. ಇಬ್ಬರ ಹಣ ಕೂಡಿಸಿದರೂ ಯಂತ್ರ, ಸಣ್ಣ ಕಾಯಿಲ್, ಪಿನ್‌ಪಾಯಿಂಟರ್ ಮೂರಕ್ಕೂ ಸಾಲದಿದ್ದರೆ, ಯಂತ್ರವನ್ನು ಒಂದು ಮೆಟ್ಟಿಲು ಕೆಳಗಿನದಕ್ಕೆ ಇಳಿಸಿಯಾದರೂ ಉಳಿದೆರಡನ್ನು ಕೊಳ್ಳಲಿ. ಕೊಳ್ಳುವ ದಿನ ಆ ಹಲಗೆ ಮತ್ತು ನಾಲ್ಕು ಮೊಳೆಗಳನ್ನು ಮರೆಯದೆ ಒಯ್ಯಲಿ.